ಆರ್ಕ್ ನಿಂತ ಜಾಗ

೧೨ ಜನವರಿ ೨೦೦೪, ಸೋಮವಾರ. ಬೆಳಿಗ್ಗೆ ೫.೪೦

ಅಪ್ಪನ ಡಬ್ಬಿ ಕಟ್ಟಿ ಆಯಿತು. ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ನನ್ನದೂ ಅದೇ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ. ಇವತ್ತಿನಿಂದ ಅಲ್ಯೂಮಿನಿಯಂ ಬೆಸೆಯುವ ಟೇಬಲ್ ನನ್ನದು, ರಾಕೆಟ್ಟಿನ ಟ್ಯಾಂಕು ಮಾಡುವ ಜಾಗ. ಮೂರು ವರ್ಷ ಬರೀ ಸ್ಟ್ಯಾಂಡು, ಬ್ರಾಕೆಟ್ಟು, ಪೈಪು ಬೆಸೆದೆ.

ಅಪ್ಪ ಸೈಕಲ್ಲಿಗೆ ಗಾಳಿ ಹಾಕುತ್ತಾ ಕೇಳಿದ, "ನಿನ್ನ ಟಾಕಿ ಖರೇನೇ ಮ್ಯಾಲ ಹೋಗ್ತದೇನವ್ವಾ?"

"ಹೋಗ್ತದಪ್ಪ. ರಾಕೆಟ್‌ನ್ಯಾಗ."

"ನಾ ಕಟ್ಟಿದ ನೀರಿನ ಟಾಕಿ ಎಲ್ಲಾ ಮಾಳಗಿ ಮ್ಯಾಲೇ ನಿಂತಾವ ನೋಡು" ಅಂದ. ನಕ್ಕ.

ಸಂಜೆ ೭

ಟೇಬಲ್ಲಿಗೆ ಹೆಂಗಸು ಬರುವುದು ಇದೇ ಮೊದಲಂತೆ. ಇಬ್ಬರು ಬೆಟ್ ಕಟ್ಟಿದ್ದಾರೆ, ಒಂದು ತಿಂಗಳು ಉಳಿಯುವುದಿಲ್ಲ ಎಂದು. ಫೋರ್‌ಮನ್ ಮಾರ್ತಾಂಡ ನಗುತ್ತಲೇ ಹೇಳಿದ. ನಾನು ನಗಲಿಲ್ಲ.

ಪುಣೆಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆ ಖಾಸಗಿಯವರದು. ಟ್ಯಾಂಕು ಮಾತ್ರ ಸರ್ಕಾರದ ರಾಕೆಟ್ಟಿಗೆ. ಅದಕ್ಕೇ ಸರ್ಕಾರದ ಇನ್ಸ್‌ಪೆಕ್ಟರ್ ಒಬ್ಬರು ಇಲ್ಲೇ ಕೂತಿರುತ್ತಾರೆ. ಬಿಂದುಮಾಧವ ರಾಯರು, ಧಾರವಾಡದವರು. ಅವರ ಸಹಿ ಇಲ್ಲದೆ ಒಂದು ಬೋಲ್ಟು ಕೂಡ ಗೇಟು ದಾಟುವುದಿಲ್ಲ. ಜುಲೈಗೆ ರಿಟೈರ್. ಇದೇ ಅವರ ಕೊನೆಯ ಟ್ಯಾಂಕು.

ನನ್ನ ಹೆಸರು ಕೇಳಿದರು. ಶಿವಕಾಂತಾ ಎಂದೆ. ಯಾವ ಊರು? ಸುರಪುರದ ಕಡೆ, ಆದರೆ ಹುಟ್ಟಿದ್ದು ಇಲ್ಲೇ ಯೆರವಡಾದಲ್ಲಿ. ಕನ್ನಡ ಬರೆಯಲು ಬರುತ್ತದೆಯೇ? ಬರುತ್ತದೆ, ಮುನ್ಸಿಪಾಲ್ಟಿಯ ಕನ್ನಡ ಶಾಲೆ. "ಹಂಗಾದ್ರ ಮುಗೀತು ಬಿಡು" ಎಂದರು. ಏನು ಮುಗಿಯಿತೋ.

೨೮ ಜನವರಿ, ಬುಧವಾರ. ಸಂಜೆ

ರಿಜೆಕ್ಟ್. ಮೊದಲ ಉದ್ದ ಬೆಸುಗೆಯೇ ರಿಜೆಕ್ಟ್.

ರಾಯರು ಕರೆದು ಎಕ್ಸ್-ರೇ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲೆ ಇಟ್ಟರು. ಬೂದು ಬಣ್ಣದ ಪಟ್ಟಿ. ಅದರಲ್ಲಿ ಒಂದು ಕರಿ ಚುಕ್ಕೆ.

"ಇದೇನು ಗೊತ್ತದ ಏನು?"

"ಧೂಳು ಕೂತದೇನ್ರಿ?"

"ಧೂಳಲ್ಲ. ಗಾಳಿ. ಗಸಗಸಿ ಕಾಳಿನಷ್ಟು ಗಾಳಿ ನಿನ್ನ ವೆಲ್ಡಿನ್ಯಾಗ ಕೂತದ. ಇದರಿಂದ ರಾಕೆಟ್ ಬೀಳೂದಿಲ್ಲ ಅಂತ ನನಗ ಅನಸ್ತದ. ಆದ್ರ 'ಅನಸ್ತದ' ಅಂತ ಬರದು ನಾ ಸಹಿ ಮಾಡ್ಲಿಕ್ಕೆ ಬರೂದಿಲ್ಲ."

ಸಿಟ್ಟು ಬಂತು. ಅಳುವೂ ಬಂತು. ಬೆಸುಗೆಯ ಹೆಲ್ಮೆಟ್ಟು ಮುಖದ ಮೇಲೆ ಇಳಿಸಿಕೊಂಡೆ. ಒಳಗೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

೨೬ ಫೆಬ್ರುವರಿ, ಗುರುವಾರ. ರಜೆ

ಬೆಟ್ ಕಟ್ಟಿದವರು ಸೋತರು. ನಿನ್ನೆ ಆರು ಬೆಸುಗೆ ಪಾಸ್. ಈಗ ಫಿಲ್ಮ್ ಓದಲು ರಾಯರೇ ಕಲಿಸುತ್ತಿದ್ದಾರೆ. ಊಟದ ನಂತರ ಹದಿನೈದು ನಿಮಿಷ, ದಿನವೂ. ಗಾಳಿ ಗುಂಡಗೆ ಕಾಣುತ್ತದೆ. ಬಿರುಕು ಗೆರೆಯಾಗಿ ಕಾಣುತ್ತದೆ. ಬಿರುಕು ಎಂದರೆ ಅವರ ದನಿಯೇ ತಗ್ಗುತ್ತದೆ, ಮನೆಯಲ್ಲಿ ರೋಗಿ ಮಲಗಿದ್ದಾರೇನೋ ಎಂಬಂತೆ.

೧೭ ಮಾರ್ಚ್, ಬುಧವಾರ

ದೊಡ್ಡ ಸುತ್ತಿನ ಬೆಸುಗೆ ಮುಗಿಯಿತು. ಎರಡು ಭಾಗ ಸೇರಿ ಈಗ ಒಂದು ಟ್ಯಾಂಕು. ಎಲ್ಲರೂ ಕೈ ಕುಲುಕಿದರು.

ಇನ್ನೇನೂ ಬರೆಯುವುದಿಲ್ಲ.

೨೧ ಮಾರ್ಚ್, ಭಾನುವಾರ. ಸಂಜೆ ೬

ಫಿಲ್ಮ್ ಸ್ವಚ್ಛ. ರಾಯರು ಠಸ್ಸೆ ಒತ್ತಿದರು. ಗೋದಾಬಾಯಿ, ರಾಯರ ಹೆಂಡತಿ, ಎಲ್ಲರಿಗೂ ಬೇಸನ್ ಉಂಡಿ ಕಳಿಸಿದ್ದರು. ನನಗೆ ಅಂತ ಎರಡು ಬೇರೆಯೇ ಕಟ್ಟಿ. ಎರಡನ್ನೂ ಅಪ್ಪನಿಗೆ ಕೊಟ್ಟೆ.

ಇಲ್ಲಿಯಾದರೂ ಬರೆಯಬೇಕು. ಬುಧವಾರ, ನಾಲ್ಕು ಗಂಟೆಯ ಹೊತ್ತು, ಎಲ್ಲರೂ ಚಹಾಕ್ಕೆ ಹೋಗಿದ್ದರು. ಸುತ್ತು ಮುಗಿಯಲು ಒಂದು ಗೇಣು ಬಾಕಿ. ಕೆಮ್ಮು ಬಂತು. ಕೈ ಅಲುಗಿತು, ಲೋಹ ಕರಗಿಸುವ ವಿದ್ಯುತ್ ಕಿಡಿ, ಆರ್ಕ್, ನಿಂತಿತು. ನಿಂತರೆ ನಿಯಮ ಇದೆ: ಕೈ ಎತ್ತಬೇಕು, ಹೇಳಬೇಕು, ನಿಂತ ಜಾಗ ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಪುಸ್ತಕದಲ್ಲಿ ಬರೆದು ಆಮೇಲೆ ಮುಂದಿನದು. ಅರ್ಧ ದಿನದ ಕೆಲಸ. ನಾನು ಸುತ್ತ ನೋಡಿದೆ. ಯಾರೂ ಇಲ್ಲ. ತಕ್ಷಣ ಮತ್ತೆ ಆರ್ಕ್ ಹಚ್ಚಿದೆ. ಹೊರಗಿನಿಂದ ಒಂದೇ ಸಮ ಕಾಣುತ್ತದೆ. ಎಕ್ಸ್-ರೇಯಲ್ಲೂ ಏನಿಲ್ಲ.

ಏನಿಲ್ಲ ಎಂದರೆ ಏನಿಲ್ಲವೇ?

ಹೆಣ್ಣುಮಗಳು ಕೊನೆಗೂ ತಪ್ಪಿದಳು ಅನ್ನುತ್ತಾರೆ ಎಂಬ ಹೆದರಿಕೆ. ಅಷ್ಟೇ. ಬೇರೆ ಕಾರಣ ಇಲ್ಲ.

೧೦ ಏಪ್ರಿಲ್, ಶನಿವಾರ

ಟ್ಯಾಂಕು ಲಾರಿ ಹತ್ತಿತು. ತೆಂಗಿನಕಾಯಿ ಒಡೆದರು. ದೂರದ ಸಮುದ್ರದ ದಂಡೆಗೆ ಹೋಗುತ್ತದೆ, ಅಲ್ಲಿ ರಾಕೆಟ್ಟಿಗೆ ಜೋಡಿಸುತ್ತಾರೆ. ರಾಯರು ಗೇಟಿನವರೆಗೆ ಲಾರಿಯ ಹಿಂದೆ ನಡೆದು ಹೋದರು. ಬಿಸಿಲಲ್ಲಿ, ಬರಿತಲೆಯಲ್ಲಿ.

೧೫ ಏಪ್ರಿಲ್, ಗುರುವಾರ

ಅಪ್ಪ ಖರಾಡಿಯಲ್ಲಿ ಸೆಂಟ್ರಿಂಗ್ ಮಾಡುವ ಬಿಲ್ಡಿಂಗಿನ ಹಿಂದೆ ಒಂದು ತಗಡಿನ ಶೆಡ್ ಇದೆ. ಅಲ್ಲಿಯ ಹುಡುಗಿ ಕನ್ನಡ ಆಡುತ್ತಾಳೆ, "ಆಕಿನೂ ಟಾಕಿ ಮಾಡ್ತಾಳ" ಎಂದು ಅಪ್ಪ ಹದಿನೈದು ದಿನದಿಂದ ಹೇಳುತ್ತಿದ್ದ. ಇವತ್ತು ಕೈ ಹಿಡಿದು ಕರೆದುಕೊಂಡೇ ಹೋದ.

ಸುರಭಿ. ನನಗಿಂತ ನಾಲ್ಕು ವರ್ಷ ದೊಡ್ಡವಳು. ತಂದೆ ಬೆಳಗಾವಿಯವರು, ಇವಳು ಬೆಳೆದದ್ದು ಪುಣೆಯಲ್ಲೇ. ಶೆಡ್ಡಿನಲ್ಲಿ ಐದೇ ಜನ. ಹೊರದೇಶದ ಒಂದು ಚಿಕ್ಕ ತಂಡಕ್ಕೆ ರಾಕೆಟ್ಟಿನ ಟ್ಯಾಂಕು ಮಾಡಿಕೊಡುತ್ತಾರೆ. ಅದೊಂದು ಪಂದ್ಯವಂತೆ: ಯಾವ ಸರ್ಕಾರದ ಸಹಾಯವೂ ಇಲ್ಲದೆ, ಸ್ವಂತ ರಾಕೆಟ್ಟಿನಲ್ಲಿ ಮನುಷ್ಯರನ್ನು ಆಕಾಶದಾಚೆ ಕಳಿಸಿ ವಾಪಸ್ಸು ತರಬೇಕು, ಎರಡು ವಾರದೊಳಗೆ ಎರಡು ಸಲ. ಯಾರು ಮೊದಲು ಮಾಡುತ್ತಾರೋ ಅವರಿಗೆ ದೊಡ್ಡ ಬಹುಮಾನ. ಎಷ್ಟೋ ತಂಡ ಪೈಪೋಟಿಯಲ್ಲಿವೆ.

"ಖಾಸಗಿಯವರು ಹೋಗ್ಲಿಕ್ಕೆ ಬರ್ತದೇನ್ರಿ?" ಎಂದೆ.

"ಯಾಕ ಬರೂದಿಲ್ಲ? ಆಕಾಶಕ್ಕ ಗೇಟ್‌ಪಾಸ್ ಅದ ಏನು? ಮತ್ತ, ನನಗ 'ರೀ' ಅನಬ್ಯಾಡ."

ನನ್ನ ಕೈ ತಿರುಗಿಸಿ ಬೆರಳುಗಳನ್ನು ನೋಡಿದಳು. "ಮುಂದಿನ ಗುರುವಾರ ಟೆಸ್ಟ್ ಅದ. ಬಂದು ನೋಡು."

೨೨ ಏಪ್ರಿಲ್, ಗುರುವಾರ. ಸಂಜೆ

ವಾಘೋಲಿಯ ಹಳೆಯ ಕಲ್ಲುಗಣಿ. ಕೆಳಗೆ ಟ್ಯಾಂಕು, ನೀರು ತುಂಬಿ. ನಾವು ಮೇಲೆ, ಬಂಡೆಯ ಹಿಂದೆ. ಪಂಪಿನಿಂದ ಒತ್ತಡ ಏರಿಸುತ್ತಾ ಹೋದರು. ಸುರಭಿ ಗೇಜ್ ನೋಡಿ ಕೂಗುತ್ತಿದ್ದಳು. ನಾನು ಅಂದುಕೊಂಡೆ, ಬೇಕಾದಷ್ಟು ಏರಿದ ಮೇಲೆ ನಿಲ್ಲಿಸುತ್ತಾರೆ. ನಿಲ್ಲಿಸಲಿಲ್ಲ. ಏರಿಸುತ್ತಲೇ ಹೋದರು. ಧಡ್ ಅಂತ ಟ್ಯಾಂಕು ಹರಿದು ಒಡೆಯಿತು. ಗಣಿಯೆಲ್ಲ ನೀರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ! ನಾನಿನ್ನೂ ಬಂಡೆಯನ್ನು ಅಪ್ಪಿಕೊಂಡೇ ಇದ್ದೆ.

ಎಲ್ಲಿ ಒಡೆಯುತ್ತದೆ ಎಂದು ತಿಳಿಯಲೆಂದೇ ಒಡೆಯುವುದಂತೆ. ಕೆಳಗಿಳಿದು ನೋಡಿದರು. ಹರಿದದ್ದು ಬೆಸುಗೆಯಲ್ಲೇ. ಬಾಳು ಅಂತ ಒಬ್ಬ ಹಿರಿಯ ವೆಲ್ಡರ್ ಇದ್ದಾರೆ. ಅವರು ಬೆರಳಿಟ್ಟು ಮರಾಠಿಯಲ್ಲಿ ಹೇಳಿದರು: ಇಲ್ಲಿ ನನ್ನ ಕೈ ತಪ್ಪಿತ್ತು, ಬೆಸುಗೆ ತುಂಬುವ ಫಿಲ್ಲರ್ ತಂತಿ ಅಂಟಿಕೊಂಡಿತ್ತು. ಸುರಭಿ "ಹಾಂ, ಬರೋಬರ್" ಎಂದು ಬರೆದುಕೊಂಡಳು. ಅಷ್ಟೇ. ಯಾರೂ ಬೈಯಲಿಲ್ಲ. ಯಾರೂ ತಲೆ ತಗ್ಗಿಸಲಿಲ್ಲ. ಆಮೇಲೆ ಭೇಳ್ ತಿಂದರು.

ಬಸ್ಸಿನಲ್ಲಿ ಬರುವಾಗ ಬಾಳು ಅವರ ಬೆರಳೇ ಕಣ್ಣಮುಂದೆ. ಇಲ್ಲಿ ತಪ್ಪಿತ್ತು. ಎಷ್ಟು ಹಗುರವಾಗಿ ಹೇಳಿದರು…

ನಾಳೆ ರಾಯರಿಗೆ ಹೇಳುತ್ತೇನೆ.

೨೩ ಏಪ್ರಿಲ್, ಶುಕ್ರವಾರ. ಸಂಜೆ ೭.೩೦

ಹೇಳಿದೆ.

ಫಿಲ್ಮಿನ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಬಾಗಿಲು ಮುಂದೆ ಮಾಡಿ, ನಿಂತೇ ಎಲ್ಲ ಹೇಳಿದೆ. ಕೆಮ್ಮು, ಆರ್ಕ್, ಯಾರೂ ಇರಲಿಲ್ಲ ಎನ್ನುವುದು.  ರಾಯರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಯಾರೂ ನೋಡಿಲ್ಲ?"

"ಇಲ್ರಿ."

"ಫಿಲ್ಮ್ ನಾ ಮೂರು ಸಲ ನೋಡೀನಿ. ಏನೂ ಇಲ್ಲ."

"ಹೌದ್ರಿ."

"ಹಂಗಾದ್ರ ಯಾಕ ಹೇಳ್ಲಿಕ್ಕತ್ತೀದಿ?"

"ನನಗ ಗೊತ್ತದಲ್ರಿ."

ರಾಯರು ಫಿಲ್ಮಿನ ದೀಪ ಆರಿಸಿದರು. ಆಮೇಲೆ ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಹಾಳೆ, ಪೆನ್ನು ಕೊಟ್ಟರು. "ಕನ್ನಡದಾಗ ಬರಿ. ನಾ ಇಂಗ್ಲಿಷ್ ಮಾಡ್ತೀನಿ. ಹೆದರಬ್ಯಾಡ. ನಾನೂ ನಂದೊಂದು ಕಾಗದ ಬರೀತೀನಿ. ಆ ಹೊತ್ತಿನ್ಯಾಗ ನಾ ಟೇಬಲ್ ಹತ್ರ ಇರಬೇಕಿತ್ತು. ಚಹಾಕ್ಕ ಹೋಗಿದ್ದೆ."

"ನೀವು ಬರಿಬ್ಯಾಡ್ರಿ ರಾಯರ, ರಿಟೈರಿಗೆ ಇನ್ನ ಮೂರು ತಿಂಗಳು—"

"ಬರಿಬೇಕವಾ. ನೀ ಬರದಿ ಅಂದ್ರ ನಾನೂ ಬರಿಬೇಕು."

ಇಬ್ಬರೂ ಒಂದೇ ಮೇಜಿನ ಮೇಲೆ ಬರೆದೆವು. ಶಾಲೆಯಲ್ಲಿ ಕೂತ ಹಾಗೆ. ಆರ್ಕ್ ನಿಂತ ಜಾಗಕ್ಕೆ ಟ್ಯಾಂಕಿನ ಚಿತ್ರದಲ್ಲಿ ಗುರುತು ಹಾಕಿಕೊಟ್ಟೆ. 

೧೮ ಮೇ, ಮಂಗಳವಾರ

ಟ್ಯಾಂಕನ್ನು ರಾಕೆಟ್ಟಿನಿಂದ ಇಳಿಸಿದ್ದಾರೆ. ಅದರ ಬದಲು ಇನ್ನೊಂದು ಮಾಡಬೇಕು, ಬೇರೆ ವೆಲ್ಡರನಿಂದ. ತಿಂಗಳುಗಟ್ಟಲೆ ತಡ. ನನ್ನನ್ನು ಮತ್ತೆ ಬ್ರಾಕೆಟ್ಟಿಗೆ ಹಾಕಿದರು. ನ್ಯಾಯವೇ.

ಊಟಕ್ಕೆ ಕೂತರೆ ಪಕ್ಕದವರು ಏಳುತ್ತಾರೆ. ಮಾರ್ತಾಂಡ ಹೇಳಿದ, "ಬಾಯಿ ಮುಚ್ಚಿಕೊಂಡಿದ್ರ ಎಲ್ಲಾರೂ ಆರಾಮ ಇರ್ತಿದ್ವಿ. ಆ ಮುದುಕರಿಗೂ ಕಡೀ ದಿನದಾಗ ಇದೊಂದು ಹಚ್ಚಿದಿ." ಅದೇ ನನಗೂ ಚುಚ್ಚುವುದು. ನನ್ನದು ಬಿಡು.

ಮೊನ್ನೆ ಗುರುವಾರ ಶೆಡ್ಡಿಗೆ ಹೋಗಿ ಸುರಭಿಗೆ ಎಲ್ಲ ಹೇಳಿದೆ. ಅವಳು ಹೌಹಾರಿದಳು. "ಒಂದು ಗೇಣು ವೆಲ್ಡಿಗೆ ಇಷ್ಟು ತಿಂಗಳಾ? ನಾವಾದ್ರ ಸಂಜಿ ಒಳಗ ಒಡದು ನೋಡ್ತಿದ್ವಿ."

"ನಿಮ್ಮದು ಒಡದ್ರ ಇನ್ನೊಂದು ಅದ. ಅವರದು ಒಂದೇ ಅದ" ಎಂದೆ. ನಾನೇ ಸರ್ಕಾರದ ಪರ ವಾದ ಮಾಡುತ್ತಿದ್ದೆ. ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಆಮೇಲೆ, "ಅದೂ ಖರೆ" ಎಂದಳು.

೨೨ ಜೂನ್, ಮಂಗಳವಾರ

ಅಮೆರಿಕದ ಖಾಸಗಿ ರಾಕೆಟ್ ವಿಮಾನವೊಂದು ನಿನ್ನೆ ಆಕಾಶದಾಚೆ ಹೋಗಿ ಬಂತಂತೆ. ಒಬ್ಬ ಪೈಲಟ್. ಸರ್ಕಾರದ್ದು ಏನೂ ಇಲ್ಲ.

ರಾಯರು ಪೇಪರು ಹಿಡಿದು ಬ್ರಾಕೆಟ್ ವಿಭಾಗಕ್ಕೇ ಬಂದರು. ಅವರು ಇಲ್ಲಿಗೆ ಎಂದೂ ಬಂದವರಲ್ಲ. "ನೋಡಿದೇನು? ಮ್ಯಾಲ ಹೋಗಿ ಕೆಳಗ ಬಂದದ ಅಷ್ಟೇ, ಭೂಮಿ ಸುತ್ತಿಲ್ಲ. ಭಾಳ ಫರಕ್ ಅದ. ಆದ್ರ ಹೋಗ್ಯದ! ಒಂದು ಕಂಪನಿ ಹೋಗ್ಯದ!" ಮುಖ ಅರಳಿತ್ತು. ಹೊಟ್ಟೆಕಿಚ್ಚು ಇರಬಹುದು ಎಂದುಕೊಂಡಿದ್ದೆ. ಒಂದಿಷ್ಟೂ ಇಲ್ಲ.

ಸುರಭಿಯ ಶೆಡ್ಡಿನಲ್ಲಿ ಮಾತ್ರ ಯಾರೂ ಮಾತಾಡುತ್ತಿಲ್ಲ ಎಂದು ಅಪ್ಪ ಹೇಳಿದ. ಇವರ ತಂಡ ಇನ್ನೂ ಇಂಜಿನ್ನೇ ಹಚ್ಚಿಲ್ಲ.

೩೧ ಜುಲೈ, ಶನಿವಾರ. ಸಂಜೆ

ರಾಯರ ಕೊನೆಯ ದಿನ. ಶಾಲು, ಹಾರ, ಎರಡು ಭಾಷಣ. ಟ್ಯಾಂಕಿನ ಮಾತು ಯಾರೂ ಎತ್ತಲಿಲ್ಲ. ಅವರೇ ಎತ್ತಿದರು. "ನನ್ನ ಕಡೀ ಟ್ಯಾಂಕ್ ರಾಕೆಟ್ಟಿನಿಂದ ಇಳದದ. ಅದು ನನ್ನ ತಪ್ಪೂ ಹೌದು. ಆದ್ರ ಯಾಕ ಇಳೀತು ಅನ್ನೂದು ನನಗ ಅಭಿಮಾನದ ಮಾತು." ನನ್ನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಆಮೇಲೆ ಕೋಥ್ರೂಡಿಗೆ, ಅವರ ಮನೆಗೆ ಕರೆದುಕೊಂಡು ಹೋದರು. ಗೋದಾಬಾಯಿಯವರು ಹೋಳಿಗೆ ಮಾಡಿದ್ದರು. ನಾನು ಅಡುಗೆಮನೆಯಲ್ಲಿ ಅಳುತ್ತಾ ಕ್ಷಮೆ ಕೇಳಿದೆ. ಅವರು ತುಪ್ಪದ ಕೈಯಲ್ಲೇ ನನ್ನ ಗದ್ದ ಹಿಡಿದರು.

"ಹುಚ್ಚಿ. ಮೂವತ್ತು ವರ್ಷ ಇವರು ಮನೀಗೆ ಬಂದು ಒಂದೇ ಮಾತ ಹೇಳ್ತಿದ್ರು, 'ಇವತ್ತ ಏನೂ ಆಗಲಿಲ್ಲ' ಅಂತ. ಅದೇ ಅವರಿಗೆ ಛೊಲೋ ಸುದ್ದಿ. ನೀ ಹೇಳಿದ ದಿನ ಮಾತ್ರ ಬಂದು ಏನಂದ್ರು ಗೊತ್ತೇನು? 'ಗೋದಾ, ಇವತ್ತ ಒಂದು ಆತು' ಅಂದ್ರು. ಎರಡ ಎರಡ ಸಲ ಚಹಾ ಮಾಡಿಸಿ ಕುಡದ್ರು. ನಾ ಎಷ್ಟೋ ವರ್ಷದಿಂದ ಅವರನ್ನ ಹಂಗ ನೋಡಿರಲಿಲ್ಲ."

೯ ಸೆಪ್ಟೆಂಬರ್, ಗುರುವಾರ. ಮಧ್ಯಾಹ್ನ

ಈಗಷ್ಟೇ ರಾಯರು ಹೋದರು. ಯೆರವಡಾದ ನಮ್ಮ ಓಣಿಗೆ ರಿಕ್ಷಾ ಬರುವುದಿಲ್ಲ. ಕೆಸರಲ್ಲಿ ನಡೆದೇ ಬಂದಿದ್ದರು. ಅಪ್ಪ ಇದ್ದ ಒಂದು ಕುರ್ಚಿ ಒರೆಸಿ ಕೊಟ್ಟ, ತಾನು ಹೊಸ್ತಿಲ ಮೇಲೆ ಕೂತ.

ಟ್ಯಾಂಕಿನ ಸುದ್ದಿ. ಅಲ್ಲಿ, ಸಮುದ್ರದ ದಂಡೆಯಲ್ಲಿ, ಅದನ್ನು ಒಡೆದು ನೋಡಿದ್ದಾರೆ. ಹಳೆಯ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದರಂತೆ.

"ತಡೀಬೇಕಾದ್ದಕ್ಕಿಂತ ಭಾಳ ಹೆಚ್ಚು ತಡದದ. ಅಷ್ಟು ಪ್ರೆಶರ್ ರಾಕೆಟ್ಟಿನ್ಯಾಗ ಎಂದೂ ಬರೂದಿಲ್ಲ. ಹಂಗೇ ಕಳಿಸಿದ್ರೂ ಹೋಗ್ತಿತ್ತು."

 ಹಾಗಾದರೆ ಇಷ್ಟೆಲ್ಲ… ಇಷ್ಟು ಜನರ ಇಷ್ಟು ತಿಂಗಳು…

"ತಡಿ, ಇನ್ನೊಂದು ಅದ. ಕಡೀಕ ಹರದದ್ದು ಎಲ್ಲಿ ಗೊತ್ತೇನು? ನೀ ಗುರುತು ಹಾಕಿ ಕೊಟ್ಟಿದ್ದಿಯಲ್ಲ, ಅಲ್ಲೇ. ಬೆರಳಿನಷ್ಟೂ ಆಚೀಚೆ ಇಲ್ಲ."

 ನಲ್ಲಿಯ ಹತ್ತಿರ ಹೆಂಗಸರ ಜಗಳ ಕೇಳುತ್ತಿತ್ತು.

"ನಾ ಪಾಸ್ ಮಾಡಿದ್ದೂ ಸುಳ್ಳಲ್ಲ" ಎಂದರು ರಾಯರು, "ನೀ ಹೇಳಿದ್ದೂ ಸುಳ್ಳಲ್ಲ. ಮೂವತ್ತು ವರ್ಷದಾಗ ನನಗ ಇಂಥಾದ್ದೊಂದು ಸಿಕ್ಕಿರಲಿಲ್ಲ ನೋಡು." ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದರು.

ಅಪ್ಪನಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಕೇಳಿದ, "ಅಂದ್ರ ನಮ್ಮ ಹುಡುಗಿ ತಪ್ಪು ಮಾಡ್ಯಾಳೋ, ಮಾಡಿಲ್ಲೋ ಸಾಹೇಬ್ರ?"

"ಮಾಡ್ಯಾಳ ಅಂಬಣ್ಣ. ಭಾಳ ಸಣ್ಣ ತಪ್ಪು ಮಾಡ್ಯಾಳ. ಆಮ್ಯಾಲ ಭಾಳ ದೊಡ್ಡ ಕೆಲಸ ಮಾಡ್ಯಾಳ."

ಅಪ್ಪ ಎದ್ದು ಹೊರಗೆ ಹೋದ. ಚಹಾಕ್ಕೆ ಹಾಲು ತರುತ್ತೇನೆ ಎಂದ. ಹಾಲು ಮನೆಯಲ್ಲೇ ಇತ್ತು.

೫ ಅಕ್ಟೋಬರ್, ಮಂಗಳವಾರ. ಸಂಜೆ ೮

ಮುಗಿಯಿತು. ಅಮೆರಿಕದವರದ್ದು ಜೂನಿನಲ್ಲಿ ಹೋದದ್ದು ಬರೀ ಟೆಸ್ಟ್ ಅಂತೆ; ಪಂದ್ಯಕ್ಕೆಂದು ಹೋದ ವಾರ ಒಮ್ಮೆ ಹೋಗಿತ್ತು, ನಿನ್ನೆ ಎರಡನೇ ಸಲವೂ ಹೋಗಿ ಬಂತು. ಬಹುಮಾನ ಅವರಿಗೆ. ಸುರಭಿ ಟ್ಯಾಂಕು ಮಾಡಿಕೊಡುತ್ತಿದ್ದ ಹೊರದೇಶದ ತಂಡದವರು ಮೇಲ್ ಕಳಿಸಿದ್ದಾರೆ, ಬಾಗಿಲು ಹಾಕುತ್ತೇವೆ ಎಂದು.

ಡ್ಯೂಟಿ ಮುಗಿಸಿ ನೇರ ಶೆಡ್ಡಿಗೆ ಹೋದೆ. ಸುರಭಿ ನೆಲದ ಮೇಲೆ ಕೂತಿದ್ದಳು, ಅರ್ಧ ಆದ ಟ್ಯಾಂಕಿಗೆ ಒರಗಿ. ಪಕ್ಕದಲ್ಲಿ ಕೂತೆ. "ಸರ್ಕಾರದವರು ಹಿಂಗ ಸೋಲೂದಿಲ್ಲ, ಅಲ್ಲ?" ಎಂದಳು. "ಅವರಿಗೆ ತಡ ಆಗ್ತದ. ನಮಗ ಮುಗದೇ ಹೋಗ್ತದ."

 ಅವಳ ಭುಜದ ಮೇಲೆ ಕೈ ಇಟ್ಟೆ. ಸ್ವಲ್ಪ ಹೊತ್ತು ಅತ್ತಳು. ಬಾಳು ಅವರು ವಡಾಪಾವ್ ತಂದು ಮುಂದಿಟ್ಟರು. ತಿಂದಳು. ಕೈ ಒರೆಸಿಕೊಂಡು, "ಈ ಟ್ಯಾಂಕ್ ಮುಗಸೂಣು" ಎಂದಳು.

"ಯಾರಿಗೆ?"

"ಗೊತ್ತಿಲ್ಲ. ಮೊದಲ ಮುಗಸೂಣು."

೬ ಡಿಸೆಂಬರ್, ಸೋಮವಾರ

ಎರಡು ತಿಂಗಳು ಏನೂ ಬರೆದಿಲ್ಲ. ಬ್ರಾಕೆಟ್ಟಿನ ಬಗ್ಗೆ ಬರೆಯುವುದೇನು.

ಇವತ್ತು ಹೊಸ ಇನ್ಸ್‌ಪೆಕ್ಟರ್ ಕರೆಸಿದರು. ಹರಿಣಾಕ್ಷಿ ಮೇಡಂ, ಮಂಗಳೂರಿನ ಕಡೆಯವರು. ಮೇಜಿನ ಮೇಲೆ ನನ್ನ ಕನ್ನಡದ ಕಾಗದ, ರಾಯರ ಇಂಗ್ಲಿಷು, ಎರಡೂ ಇದ್ದವು. ಬದಲಿ ಟ್ಯಾಂಕಿನ ಬೆಸುಗೆ ಎರಡು ಸಲ ಪಾಸಾಗಿಲ್ಲ.

"ಈ ಸುತ್ತನ್ನು ನೀವೇ ಮಾಡಬೇಕು ಅಂತ ನಾನು ಬರೆದು ಕೇಳಿದ್ದೇನೆ" ಎಂದರು.

"ನಾನಾ ಮೇಡಂ? ನನ್ನದೇ ಅಲ್ರಿ ರಾಕೆಟ್ಟಿನಿಂದ ಇಳಿಸಿದ್ದು?"

"ಅದಕ್ಕೇ."

೧೭ ಡಿಸೆಂಬರ್, ಶುಕ್ರವಾರ

ಸುತ್ತು ಮುಗಿಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ನಡುವೆ ಒಂದು ಸಲ ನಿಲ್ಲಿಸಿದೆ. ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಗ್ಯಾಸಿನ ಸದ್ದು ಬೇರೆ ಅನಿಸಿತು, ಅಷ್ಟೇ. ಕೈ ಎತ್ತಿದೆ. ಎಲ್ಲರೂ ಕೆಲಸ ಬಿಟ್ಟು ಕಾದರು. ಗ್ಯಾಸು ಸರಿಯಾಗೇ ಇತ್ತು. ಆದರೂ ಉಜ್ಜಿದರು, ತೊಳೆದರು, ಬರೆದರು. ಮೂರು ಗಂಟೆ ಹೋಯಿತು.  ಮತ್ತೆ ಶುರು ಮಾಡುವ ಮುಂಚೆ ನನ್ನ ಹಣೆಯ ಬೆವರು ಮಾರ್ತಾಂಡನೇ ಒರೆಸಿದ, ಒರಟು ಬಟ್ಟೆಯಲ್ಲಿ.

ಬಸ್ಸಿನಲ್ಲಿ ನಿದ್ದೆ ಬಂದು ಎರಡು ಸ್ಟಾಪು ಮುಂದೆ ಇಳಿದೆ.

೩ ಫೆಬ್ರುವರಿ ೨೦೦೫, ಗುರುವಾರ

ಟ್ಯಾಂಕು ಪಾಸಾಗಿ ಹೋಯಿತು. ನಿನ್ನೆ ರಾಜೀನಾಮೆ ಕೊಟ್ಟೆ.

ಅಪ್ಪನಿಗೆ ಹೇಗೆ ಹೇಳಲಿ ಎಂದು ನಾಲ್ಕು ದಿನ ಒದ್ದಾಡಿದ್ದೆ. ಒಳ್ಳೆಯ ಟೇಬಲ್ ಬಿಟ್ಟು, ಗಿರಾಕಿಯೇ ಇಲ್ಲದ ಶೆಡ್ಡಿಗೆ. ಅಪ್ಪ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡ. "ಅಲ್ಲಿ ನಿನಗ ಹ್ಯಾಂಗ ಅನಸ್ತದ?"

"ಅಲ್ಲಿ ಕಲೀಲಾಕ ಬರ್ತದಪ್ಪ. ದಿನಾ. ಇಲ್ಲಿ ಕಲತಿದ್ದು ಅಲ್ಲಿ ಬೇಕಾಗ್ತದ."

"ಮತ್ತ ಹೋಗು. ಬಾಳು ಒಬ್ಬರನ್ನ ಬಿಟ್ರ ಆ ಹುಡುಗಿ ಕಡೆ ಯಾರೂ ಉಳದಿಲ್ಲ ಪಾಪ."

ರಾಯರಿಗೂ ಫೋನ್ ಮಾಡಿದೆ. ಬೇಜಾರಾಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. "ಅಲ್ಲಿ ಫಿಲ್ಮ್ ಓದಾವ್ರು ಯಾರದಾರ?"

"ಯಾರೂ ಇಲ್ರಿ. ಒಡದೇ ನೋಡ್ತಾರ."

ಆ ಕಡೆಯಿಂದ ದೊಡ್ಡ ನಿಟ್ಟುಸಿರು. ಗೋದಾಬಾಯಿಯವರ ದನಿ ಕೇಳಿಸಿತು: "ಹೋಗ್ರಿ ಮತ್ತ, ಮನ್ಯಾಗ ಕೂತು ನನ್ನ ಕುಕ್ಕರ್ ಇನ್ಸ್‌ಪೆಕ್ಷನ್ ಮಾಡೂದು ಸಾಕಾಗೇದ!"

೨೪ ಫೆಬ್ರುವರಿ, ಗುರುವಾರ. ಬೆಳಿಗ್ಗೆ ೧೦.೧೫, ವಾಘೋಲಿ

ನೀರು ತುಂಬಲು ಹತ್ತು ನಿಮಿಷ ಬೇಕು. ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಇದು ನಾನೊಬ್ಬಳೇ ಬೆಸೆದ ಮೊದಲ ಟ್ಯಾಂಕು. ಫಿಲ್ಮ್ ಎಲ್ಲ ರಾಯರೇ ಓದಿದರು, ಮೂರು ದಿನ. ಸುರಭಿಗೆ ಮೊದಲು ತಾಳ್ಮೆ ಉಳಿಯಲಿಲ್ಲ, "ಅಂಕಲ್, ಹೆಂಗೂ ಒಡೀತೀವಲ್ಲ!" ಎಂದಳು. ಅವರೆಂದರು, "ಒಡೀ ತಂಗಿ. ಆದ್ರ ಎಲ್ಲಿ ಒಡೀತದ ಅಂತ ಮೊದಲ ಹೇಳಿ ಒಡದ್ರ ಒಂದು ಟ್ಯಾಂಕಿನ್ಯಾಗ ಹತ್ತು ಟ್ಯಾಂಕಿನಷ್ಟು ಕಲೀತೀದಿ." ಅಂದಿನಿಂದ ಇಬ್ಬರೂ ಒಂದೇ ಗುಂಪು. ನನ್ನನ್ನು ಕೇಳುವವರೇ ಇಲ್ಲ.

ರಾಯರು ಜೀವಮಾನದಲ್ಲಿ ಒಂದು ಟ್ಯಾಂಕೂ ಒಡೆಯುವುದನ್ನು ಕಣ್ಣಾರೆ ನೋಡಿಲ್ಲವಂತೆ. ಆಗಲೇ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾರೆ. ಗೋದಾಬಾಯಿಯವರು ಛತ್ರಿ ಹಿಡಿದಿದ್ದಾರೆ. ಅಪ್ಪ ಇವತ್ತು ಕೆಲಸ ಬಿಟ್ಟು ಬಂದಿದ್ದಾನೆ. ಪಂಪಿನ ಪಕ್ಕ ನಿಂತು ಬಾಳು ಅವರಿಗೆ ಏನೋ ಬುದ್ಧಿ ಹೇಳುತ್ತಿದ್ದಾನೆ, ಅರ್ಧ ಮರಾಠಿ ಅರ್ಧ ಕನ್ನಡ.

ಈಗ ಸುರಭಿ ಸೀಮೆಸುಣ್ಣ ತಂದುಕೊಟ್ಟಳು. ಎಲ್ಲಿ ಅನುಮಾನ ಇದೆಯೋ ಅಲ್ಲಿ ನಾನೇ ಗುರುತು ಹಾಕಬೇಕಂತೆ. ಕೆಳಗಿಳಿದು ಪೂರ್ತಿ ಒಂದು ಸುತ್ತು ಬಂದೆ. ಎಲ್ಲೂ ಹಾಕದೆ ಬರಲು ಮನಸ್ಸಾಗಲಿಲ್ಲ. ಹಾಕಲು ಜಾಗವೂ ಸಿಗಲಿಲ್ಲ. ಹಾಗೇ ಬಂದು ರಾಯರಿಗೆ ಹೇಳಿದೆ. "ಖರೆ?" ಎಂದರು. "ಖರೆ ರೀ" ಎಂದೆ. ಹತ್ತಿ ತೆಗೆದು ಇನ್ನೊಂದು ಸಲ ಹೇಳು ಎಂದರು.

ನೀರು ತುಂಬಿತು. ಪಂಪು ಶುರುವಾಯಿತು. ಸುರಭಿ ಗೇಜ್ ಓದುತ್ತಿದ್ದಾಳೆ, ರಾಯರು ಅವಳ ಹಿಂದೆಯೇ ಒಂದೊಂದು ಅಂಕಿಯನ್ನೂ ಕೂಗುತ್ತಿದ್ದಾರೆ. ಹೋದ ವರ್ಷ ಇಲ್ಲಿ ಟ್ಯಾಂಕು ಹರಿದ ಅಂಕಿ ದಾಟಿತು. ಇನ್ನೂ ಏರುತ್ತಿದೆ. ಗೋದಾಬಾಯಿ ನನ್ನ ಕೈ ಹಿಡಿದುಕೊಂಡಿದ್ದಾರೆ, ಬರೆಯಲು ಆಗುತ್ತಿಲ್ಲ. ಇನ್ನೂ ಏರು—